ಯಂತ್ರದ ಸರ್ವರ್, ಹೊಟೇಲಿನ ಸರ್ವರ್

2025ನೆಯ ಇಸವಿ ಎಪ್ರಿಲ್ 12ನೆಯ ತಾರೀಖು, ಶನಿವಾರ, ಹನುಮಜ್ಜಯಂತಿ. ಸೀತಾಬರ್ಡಿಯ ಸಮೀಪ ಸ್ನೇಹಿತರೊಬ್ಬರ ಹೊಟೇಲಿನಲ್ಲಿ ನಾವು ಕಾಫಿ ಕುಡಿಯುತ್ತ ಕುಳಿತಿದ್ದೆವು. ನಾಗಪುರದ ಎಪ್ರಿಲ್ ತಿಂಗಳ ಬಿಸಿಲನ್ನು ನಮ್ಮ ಓದುಗರಿಗೆ ವರ್ಣಿಸಿ ಹೇಳಬೇಕಾದುದಿಲ್ಲ. ಮಾರುತಿಯ ಗುಡಿಯಿಂದ ಬಂದವರೂ ಪೇಟೆಯ ಕೆಲಸಕ್ಕೆ ಬಂದವರೂ ಸೇರಿ ಒಳಗೆ ಕಾಲಿಡಲು ಸ್ಥಳವಿರಲಿಲ್ಲ. ಹನ್ನೆರಡು ಗಂಟೆಗೆ ಸ್ವಲ್ಪ ಮುಂಚೆ ಗಲ್ಲೆಯ ಬಳಿ ಗದ್ದಲವೆದ್ದಿತು. ಗಿರಾಕಿಗಳು ಮೊಬೈಲನ್ನು ಎತ್ತಿ ಹಿಡಿದು ನಿಂತಿದ್ದರು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಹಣ ಬಂತೆಂದು ಹಿಂದಿಯಲ್ಲಿ ಕೂಗಿ ಹೇಳುವ ಪೆಟ್ಟಿಗೆ ಮೌನವ್ರತ ಹಿಡಿದಿತ್ತು. ಕ್ಯಾಶಿಯರರು ‘ಸರ್ವರ್ ಡೌನ್! ಸರ್ವರ್ ಡೌನ್!’ ಎಂದು ಕೂಗಿದರು. ಊರಿನಿಂದ ಬಂದು ಒಂದು ವಾರವೂ ಆಗದ ಹುಡುಗನೊಬ್ಬ, ಕೈಯಲ್ಲಿ ನಾಲ್ಕು ತಟ್ಟೆ ದೋಸೆ ಹಿಡಿದು ಹೊರಟಿದ್ದವನು, ತನ್ನ ಜೊತೆಗಾರರಲ್ಲಿ ಯಾರು ಬಿದ್ದರೆಂದು ಹಿಂದಿರುಗಿ ನೋಡಿದ.

ನಕ್ಕು ಬಿಡಬಹುದಾದ ಸಂಗತಿ. ಆದರೆ ಆ ಹುಡುಗನ ತಪ್ಪೇನೂ ಇಲ್ಲ. ನಮ್ಮ ಹೊಟೇಲುಗಳ ಭಾಷೆಯಲ್ಲಿ ಸರ್ವರ್ ಎಂದರೆ ಬಡಿಸುವವನೆಂದೇ ಅರ್ಥ. ಕಂಪ್ಯೂಟರಿನವರೂ ಆ ಹೆಸರನ್ನು ಅದೇ ಅರ್ಥದಲ್ಲಿ ಇಟ್ಟುಕೊಂಡಿದ್ದಾರೆ. ಎಲ್ಲಿಯೋ ದೂರದ ಕಟ್ಟಡವೊಂದರಲ್ಲಿದ್ದು, ಕೇಳಿದವರಿಗೆ ಕೇಳಿದ್ದನ್ನು ತಂದೊದಗಿಸುವ ಯಂತ್ರವೇ ಸರ್ವರ್; ಕೇಳುವ ಮೊಬೈಲು ಗಿರಾಕಿಯ ಸ್ಥಾನದಲ್ಲಿರುತ್ತದೆ. ಈ ಲೇಖನವನ್ನು ಬರೆಯಲು ನಮ್ಮನ್ನು ಪ್ರೇರಿಸಿದ್ದು ಮಾತ್ರ ಈ ಶಬ್ದಸಾಮ್ಯವಲ್ಲ. ಯಂತ್ರದ ಸರ್ವರ್ ಬಿದ್ದಾಗ ಅದರ ನಷ್ಟವನ್ನು ಅನೇಕ ಕಡೆಗಳಲ್ಲಿ ಹೊಟೇಲಿನ ಸರ್ವರ್ ತೆರಬೇಕಾಗಿ ಬರುತ್ತದೆ. ಹಾಗೆ ತೆರುವಂತೆ ಮಾಡಿದ ಯಜಮಾನರಲ್ಲಿ ನಾವೂ ಒಬ್ಬರು. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಹಣ ನಡೆಯುವ ದಾರಿಯನ್ನು ನೋಡೋಣ.

ಯುಪಿಐ ಎಂಬ ವ್ಯವಸ್ಥೆಯನ್ನು ನ್ಯಾಶನಲ್ ಪೇಮೆಂಟ್ಸ್ ಕಾರ್ಪೊರೇಶನ್ ಎಂಬ ಸಂಸ್ಥೆಯು 2016ರ ಎಪ್ರಿಲ್ ತಿಂಗಳಲ್ಲಿ ಮುಂಬಯಿಯಲ್ಲಿ ಆರಂಭಿಸಿತು. 2025ರ ಆಗಸ್ಟ್ ತಿಂಗಳೊಂದರಲ್ಲಿಯೇ ಅದರ ಮೂಲಕ ನಡೆದ ವ್ಯವಹಾರಗಳ ಸಂಖ್ಯೆ 2,000 ಕೋಟಿಯನ್ನು ದಾಟಿತು. ಇವುಗಳಲ್ಲಿ ಹತ್ತು ರೂಪಾಯಿಯ ಚಹಾವೂ ಸೇರಿದೆ. ಗಿರಾಕಿಯು ಗೋಡೆಯ ಮೇಲಿನ ಚೌಕಕ್ಕೆ ಮೊಬೈಲು ಹಿಡಿದು ಗುಪ್ತಸಂಖ್ಯೆಯನ್ನು ಒತ್ತಿದೊಡನೆ ಅವನ ಅಪ್ಪಣೆಯು ಆ್ಯಪಿನ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿಂದ ಕಾರ್ಪೊರೇಶನ್ನಿನ ನಡುಮನೆಗೆ. ನಡುಮನೆಯಿಂದ ಗಿರಾಕಿಯ ಬ್ಯಾಂಕಿಗೆ. ಅಲ್ಲಿ ಹಣ ಖರ್ಚು ಬಿದ್ದ ಬಳಿಕ ಮತ್ತೆ ನಡುಮನೆಗೆ ಬಂದು, ಹೊಟೇಲಿನ ಬ್ಯಾಂಕಿಗೆ ಹೋಗಿ ಜಮೆಯಾಗುತ್ತದೆ. ಜಮೆಯಾಯಿತೆಂಬ ಉತ್ತರವು ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಗಲ್ಲೆಯ ಮೇಲಿನ ಕೂಗುಪೆಟ್ಟಿಗೆಗೆ ಸುದ್ದಿ ಮುಟ್ಟುವುದು ಇನ್ನೊಂದು ದಾರಿಯಿಂದ. ಅದಕ್ಕೆ ಅದರದೇ ಆದ ಸಿಮ್ ಕಾರ್ಡು, ಅದನ್ನು ಕೊಟ್ಟ ಕಂಪೆನಿಯದೇ ಆದ ಸರ್ವರು.

ಇಷ್ಟೊಂದು ಬಾಗಿಲುಗಳಲ್ಲಿ ಯಾವುದೊಂದು ಮುಚ್ಚಿದರೂ ಗಿರಾಕಿಯ ಕಣ್ಣಿಗೆ ಕಾಣುವುದು ಅದೇ ಚಕ್ರ. ಆದರೆ ಯಾವ ಬಾಗಿಲು ಯಾವಾಗ ಮುಚ್ಚಿತೆಂಬುದರ ಮೇಲೆ ಫಲವು ಬೇರೆಯಾಗುತ್ತದೆ. ಹಣ ಖರ್ಚು ಬೀಳುವ ಮೊದಲೇ ಮುಚ್ಚಿದ್ದರೆ ಏನೂ ನಡೆದಿಲ್ಲ. ಖರ್ಚು ಬಿದ್ದು ಜಮೆಯಾಗುವ ಮೊದಲು ಮುಚ್ಚಿದ್ದರೆ ಹಣ ಇತ್ತ ಇಲ್ಲ, ಅತ್ತಲೂ ಇಲ್ಲ. ಜಮೆಯಾದ ಮೇಲೆ ಮುಚ್ಚಿದ್ದರೆ ಹಣ ಬಂದೇ ಇದೆ, ಆದರೆ ಬಂದದ್ದು ಗಲ್ಲೆಯ ಬಳಿ ನಿಂತ ಯಾರಿಗೂ ತಿಳಿಯದು.

ಆದುದರಿಂದ ಇಂಥ ಪ್ರಶ್ನೆಗೆ ಉತ್ತರಗಳು ಎರಡಲ್ಲ, ಮೂರು: ಬಂತು, ಬರಲಿಲ್ಲ, ತಿಳಿಯದು. ಮೊಬೈಲಿನ ಆ್ಯಪುಗಳನ್ನು ಕಟ್ಟುವವರು ಮಾಡುವ ತಪ್ಪುಗಳಲ್ಲಿ ಬಹುಪಾಲು ಈ ಮೂರನೆಯ ಉತ್ತರವನ್ನು ಎರಡನೆಯದರೊಳಗೆ ತುರುಕುವುದರಿಂದ ಹುಟ್ಟುತ್ತವೆ. ಗಲ್ಲೆಯ ಮೇಲೆ ಕುಳಿತ ನಮ್ಮಂಥವರ ತಪ್ಪೂ ಅದೇ. ಹಿಂದೆ ಊರಿಗೆ ಮನಿಯಾರ್ಡರು ಮಾಡುತ್ತಿದ್ದ ಹಿರಿಯರಿಗೆ ಇದು ಸಹಜವಾಗಿ ಗೊತ್ತಿತ್ತು. ತಾಯಿಯ ಹೆಬ್ಬೆಟ್ಟಿನ ಗುರುತು ಬಿದ್ದ ರಸೀತಿಯ ತುಣುಕು ಹದಿನೈದು ದಿನವಾದರೂ ಹಿಂದಿರುಗದಿದ್ದರೆ ಅವರು ‘ಹಣ ಮುಟ್ಟಲಿಲ್ಲ’ ಎನ್ನುತ್ತಿರಲಿಲ್ಲ. ‘ರಸೀತಿ ಬಂದಿಲ್ಲ’ ಎನ್ನುತ್ತಿದ್ದರು. ಎರಡನೆಯ ಸಲ ಹಣ ಕಟ್ಟುತ್ತಲೂ ಇರಲಿಲ್ಲ. ಅಂಚೆ ಕಚೇರಿಗೆ ಹೋಗಿ ತಮ್ಮ ಬಳಿಯ ರಸೀತಿಯ ನಂಬರು ಹೇಳಿ ವಿಚಾರಿಸುತ್ತಿದ್ದರು.

ನಾವು ಹೊಟೇಲು ನಡೆಸುತ್ತಿದ್ದ ಕೊನೆಯ ವರ್ಷಗಳಲ್ಲಿ ಒಂದು ಸಂಜೆ, ತಿಂಗಳ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ತಾರೀಖು, ನಾಲ್ವರ ಕುಟುಂಬವೊಂದು ಊಟ ಮಾಡಿ 460 ರೂಪಾಯಿಯ ಬಿಲ್ಲಿಗೆ ಮೇಜಿನ ಬಳಿಯೇ ಮೊಬೈಲು ಹಿಡಿದು ಎದ್ದು ಹೋಯಿತು. ಪೆಟ್ಟಿಗೆ ಕೂಗಲಿಲ್ಲ. ಆ ಮೇಜಿನ ಹುಡುಗನನ್ನು ಕರೆದು, ‘ಕೂಗುವ ಮೊದಲೇ ಹೇಗೆ ಬಿಟ್ಟೆ?’ ಎಂದು ಎಲ್ಲರೆದುರು ಗದರಿಸಿದೆವು; ಒಂದನೆಯ ತಾರೀಖಿನ ಸಂಬಳದಲ್ಲಿ 460 ರೂಪಾಯಿ ಮುರಿದುಕೊಂಡೆವು. ಹತ್ತನೆಯ ತಾರೀಖಿಗೆ ಲೆಕ್ಕ ಬರೆಯುವವರು ಬ್ಯಾಂಕಿನ ತಖ್ತೆಯನ್ನು ತಾಳೆ ನೋಡಿದಾಗ ಆ ಹಣ ಅದೇ ಸಂಜೆ ಜಮೆಯಾಗಿರುವುದು ಕಂಡಿತು. ನಾವು ಹುಡುಗನನ್ನು ಗದರಿಸುತ್ತಿದ್ದ ಹೊತ್ತಿಗೆ ಹಣ ನಮ್ಮ ಖಾತೆಯಲ್ಲಿತ್ತು. ಬಿದ್ದಿದ್ದುದು ಪೆಟ್ಟಿಗೆಯ ಸಿಮ್ಮಿನ ಸಂಪರ್ಕ ಮಾತ್ರ. 460 ರೂಪಾಯಿಯನ್ನು ಹಿಂದಕ್ಕೆ ಕೊಟ್ಟೆವು. ಅವನು ‘ಆಯ್ತು ಧನಿಗಳೇ’ ಎಂದು ತೆಗೆದುಕೊಂಡ, ಬೇರೇನೂ ಹೇಳಲಿಲ್ಲ. ಮುಂದಿನ ತಿಂಗಳು ರಾಯಪುರದ ಹೊಟೇಲೊಂದಕ್ಕೆ ಹೊರಟುಹೋದ. ಅಷ್ಟು ಹೊತ್ತಿಗೆ ಅವನು ಮನೆಗೆ ಕಳಿಸಬೇಕಾಗಿದ್ದ ಹಣವನ್ನು ಅಷ್ಟು ಕಡಿಮೆ ಮಾಡಿ ಕಳಿಸಿಯಾಗಿತ್ತು.

ಕಡ್ಡಿಗಳನ್ನು ನಂಬುವುದು

ಮೊಬೈಲಿನ ಮೇಲ್ತುದಿಯಲ್ಲಿ ನಾಲ್ಕು ಕಡ್ಡಿಗಳು ನಿಂತಿದ್ದರೆ ಎಲ್ಲವೂ ಸರಿಯಾಗಿದೆಯೆಂದು ನಾವು ಭಾವಿಸುತ್ತೇವೆ. ಆ ಕಡ್ಡಿಗಳು ಹೇಳುವುದು ಹತ್ತಿರದ ಟವರಿನ ಸ್ಥಿತಿಯನ್ನು ಮಾತ್ರ. ಟವರಿನಿಂದಾಚೆ ಇಂಟರ್ನೆಟ್ಟು ಇದೆಯೇ ಎಂಬುದು ಬೇರೆ ಪ್ರಶ್ನೆ. ಇಂಟರ್ನೆಟ್ಟಿದ್ದರೂ ನಮಗೆ ಬೇಕಾದ ಸರ್ವರು ಎದ್ದಿದೆಯೇ ಎಂಬುದು ಮತ್ತೊಂದು. ರೈಲು ನಿಲ್ದಾಣದ ವೈಫೈಯನ್ನು ಹಿಡಿದವರಿಗೆ ಇದರ ಅನುಭವವಿರುತ್ತದೆ: ಸಂಪರ್ಕವೇನೋ ಆಯಿತೆನ್ನುತ್ತದೆ, ಆದರೆ ಮೊದಲು ಫೋನ್ ನಂಬರು ಕೊಡಿರೆಂಬ ಪುಟವೊಂದು ಅಡ್ಡ ನಿಲ್ಲುತ್ತದೆ. ಇದನ್ನು ಪತ್ತೆಹಚ್ಚಲು ಆಂಡ್ರಾಯ್ಡ್ ಫೋನುಗಳು ಗೂಗಲಿನ ಒಂದು ಗೊತ್ತಾದ ವಿಳಾಸಕ್ಕೆ ಸಣ್ಣ ಪ್ರಶ್ನೆಯೊಂದನ್ನು ಕಳಿಸುತ್ತವೆ. ಅಲ್ಲಿಂದ 204 ಎಂಬ ಸಂಖ್ಯೆ, ಹಿಂದೆ ಏನೂ ಇಲ್ಲದ ಬರಿಯ ಲಕೋಟೆಯಂತೆ, ಬರಬೇಕು. ಬೇರೆ ಏನಾದರೂ ಬಂದರೆ ನಡುವೆ ಯಾರೋ ತಡೆದಿದ್ದಾರೆಂದು ಫೋನು ತಿಳಿಯುತ್ತದೆ. ಐಫೋನುಗಳೂ ತಮ್ಮ ಕಂಪೆನಿಯ ವಿಳಾಸವೊಂದನ್ನು ಹೀಗೆಯೇ ವಿಚಾರಿಸುತ್ತವೆ.

ಆದರೆ ಗೂಗಲಿನ ಮನೆ ಎದ್ದಿದ್ದ ಮಾತ್ರಕ್ಕೆ ನಮ್ಮ ಬ್ಯಾಂಕಿನ ಮನೆ ಎದ್ದಿರಬೇಕೆಂದಿಲ್ಲ. ಆದುದರಿಂದ ಆ್ಯಪು ತನಗೆ ಬೇಕಾದ ಸರ್ವರನ್ನೇ ಕೇಳಬೇಕು. ಅಲ್ಲಿಯೂ ಒಂದು ಮೋಸವಿದೆ. ಎಷ್ಟೋ ಸರ್ವರುಗಳಲ್ಲಿ ‘ಇದ್ದೇನೆ’ ಎಂದು ಉತ್ತರ ಕೊಡುವುದು ಬಾಗಿಲ ಬಳಿಯ ಯಂತ್ರ. ಲೆಕ್ಕದ ಪುಸ್ತಕವಿರುವುದು ಒಳಗಿನ ಬೇರೊಂದು ಯಂತ್ರದಲ್ಲಿ. ಬಾಗಿಲಲ್ಲಿ ನಿಂತ ಕಾವಲುಗಾರ ಕೈಮುಗಿದು ‘ಬನ್ನಿ’ ಎನ್ನುತ್ತಾನೆ, ಒಳಗೆ ಭಟ್ಟಿ ಆರಿಹೋಗಿರುತ್ತದೆ. ಒಳಗಿನ ಪುಸ್ತಕವನ್ನು ಮುಟ್ಟಿ ನೋಡಿ ಉತ್ತರ ಕೊಡುವ ಏರ್ಪಾಡನ್ನು ಸರ್ವರಿನವರು ಮಾಡಿದ್ದರೆ ಮಾತ್ರ ಆ ವಿಚಾರಣೆಗೆ ಬೆಲೆ.

ಇನ್ನೂ ಸೂಕ್ಷ್ಮವಾದ ವಿಷಯವೊಂದಿದೆ. ಇದನ್ನು ಹೊಟೇಲಿನವರಿಗೆ ವಿವರಿಸುವುದು ಸುಲಭ. ಹೊಸ ಹುಡುಗನು ಗಿರಾಕಿ ಕೇಳಿದ ಕೂಡಲೆ ಅಡುಗೆಮನೆಗೆ ಓಡಿ ‘ಇಡ್ಲಿ ಇದೆಯೇ?’ ಎಂದು ಕೇಳಿ, ಹಿಂದಿರುಗಿ ‘ಇದೆ’ ಎಂದು ಹೇಳಿ, ಆರ್ಡರು ಪಡೆದು ಪುನಃ ಒಳಗೆ ಹೋಗುವಷ್ಟರಲ್ಲಿ ಕೊನೆಯ ಇಡ್ಲಿ ಬೇರೆ ಮೇಜಿಗೆ ಹೋಗಿರುತ್ತದೆ. ಹಳಬನು ಹಾಗೆ ಮಾಡುವುದಿಲ್ಲ. ನೇರವಾಗಿ ‘ಒಂದು ಇಡ್ಲಿ’ ಎಂದು ಕೂಗುತ್ತಾನೆ. ಇಲ್ಲವೆಂದರೆ ಗಿರಾಕಿಗೆ ಏನು ಹೇಳಬೇಕೆಂಬುದು ಅವನ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಒಳ್ಳೆಯ ಆ್ಯಪು ಹಳಬನ ರೀತಿಯದು. ‘ಸರ್ವರೇ, ಇದ್ದೀಯಾ?’ ಎಂದು ಮೊದಲು ಕೇಳಿ, ‘ಇದ್ದೇನೆ’ ಎಂಬುದನ್ನು ನಂಬಿ, ಆಮೇಲೆ ಕೆಲಸವನ್ನು ಒಪ್ಪಿಸುವುದರಲ್ಲಿ ಅರ್ಥ ಕಡಿಮೆ. ಆ ಎರಡು ಗಳಿಗೆಗಳ ನಡುವೆಯೇ ಅದು ಬೀಳಬಹುದು. ಕೆಲಸವನ್ನೇ ಒಪ್ಪಿಸಬೇಕು, ಗೊತ್ತಾದಷ್ಟು ಹೊತ್ತು ಕಾಯಬೇಕು, ಉತ್ತರ ಬಾರದಿದ್ದರೆ ಮುಂದೇನೆಂಬುದನ್ನು ಮೊದಲೇ ನಿರ್ಧರಿಸಿಟ್ಟಿರಬೇಕು. ಮೊದಲು ವಿಚಾರಿಸುವ ಪದ್ಧತಿಯು ಪರದೆಯ ಮೇಲೆ ಹಸಿರು ಚುಕ್ಕೆಯನ್ನೋ ಕೆಂಪು ಚುಕ್ಕೆಯನ್ನೋ ತೋರಿಸಲು ಸಾಕು, ಅಷ್ಟೆ.

ಬಾಗಿಲು ಬಡಿದು ಬಾಗಿಲು ಮುರಿದದ್ದು

ಈಗ ಎಪ್ರಿಲ್ 12ಕ್ಕೆ ಮರಳೋಣ. ಆ ದಿನ ಮಧ್ಯಾಹ್ನದಲ್ಲಿ ಹಲವು ತಾಸುಗಳ ಕಾಲ ದೇಶದಾದ್ಯಂತ ಯುಪಿಐ ಕುಂಟಿತು. ಮಾರ್ಚ್ 26ರ ಸಂಜೆಯೂ ಒಮ್ಮೆ ಹಾಗಾಗಿತ್ತು. ಕೆಲವೇ ವಾರಗಳಲ್ಲಿ ಪುನಃ ಪುನಃ ಆದುದರಿಂದ ಜನ ಕಂಗಾಲಾದರು. ವಿಚಾರಣೆಯಾಗಿ ಕಾರಣ ಹೊರಬಿದ್ದಾಗ ನಮಗೆ ನಗುವೂ ಬಂತು, ವಿಷಾದವೂ ಆಯಿತು. ಕೆಲವು ಬ್ಯಾಂಕುಗಳ ಯಂತ್ರಗಳು ‘ಆ ವ್ಯವಹಾರ ಏನಾಯಿತು? ಏನಾಯಿತು?’ ಎಂದು ನಡುಮನೆಯನ್ನು ಬಿಡುವಿಲ್ಲದೆ ಕೇಳುತ್ತಿದ್ದವು. ಹಳೆಯ ವ್ಯವಹಾರಗಳ ಬಗ್ಗೆಯೂ ಕೇಳುತ್ತಿದ್ದವು. ಆ ವಿಚಾರಣೆಯ ಪ್ರವಾಹದಲ್ಲಿ ನಿಜವಾದ ಪಾವತಿಗಳಿಗೆ ಜಾಗವೇ ಇಲ್ಲವಾಯಿತು. ಸರ್ವರು ಇದೆಯೋ ಇಲ್ಲವೋ, ಕೆಲಸವಾಯಿತೋ ಇಲ್ಲವೋ ಎಂದು ನೋಡಲು ಹೋದವರೇ ಅದನ್ನು ಮಲಗಿಸಿದರು.

ಗಲ್ಲೆಯ ಬಳಿ ನಾವು ಕಂಡದ್ದೂ ಅದೇ ನಾಟಕದ ಚಿಕ್ಕ ರೂಪ. ಚಕ್ರ ತಿರುಗುತ್ತಲೇ ಗಿರಾಕಿಯು ಆ್ಯಪನ್ನು ಮುಚ್ಚಿ ತೆರೆಯುತ್ತಾನೆ. ಪುನಃ ಹಣ ಕಳಿಸುತ್ತಾನೆ. ಬ್ಯಾಂಕಿನಲ್ಲಿ ಎಷ್ಟಿದೆಯೆಂದು ನೋಡುತ್ತಾನೆ. ಪಕ್ಕದವನ ಆ್ಯಪಿನಿಂದ ಪ್ರಯತ್ನಿಸುತ್ತಾನೆ. ಒಬ್ಬನ ಒಂದು ದೋಸೆಗಾಗಿ ಐದಾರು ವಿಚಾರಣೆಗಳು. ಇದನ್ನು ಕೋಟಿಗಟ್ಟಲೆ ಜನರಿಂದ ಗುಣಿಸಿ ನೋಡಬೇಕು. ಸಾಲದುದಕ್ಕೆ, ಎರಡು ಸಲ ಕಳಿಸಿದ ಹಣ ಎರಡು ಸಲವೂ ಖರ್ಚು ಬಿದ್ದರೆ ಸಂಜೆಗೆ ಹೊಸ ಜಗಳ.

ಆ ಬಳಿಕ ಕಾರ್ಪೊರೇಶನ್ನು ಬ್ಯಾಂಕುಗಳಿಗೂ ಆ್ಯಪುಗಳಿಗೂ ಕೆಲವು ಕಟ್ಟುಗಳನ್ನು ಹಾಕಿತು. 2025ರ ಜೂನ್ ತಿಂಗಳಿಂದ ಪಾವತಿಯ ಉತ್ತರಕ್ಕಾಗಿ ಯಂತ್ರಗಳು ಕಾಯಬೇಕಾದ ಅವಧಿ 30 ಸೆಕೆಂಡಿನಿಂದ 15ಕ್ಕೆ, ಸ್ಥಿತಿ ವಿಚಾರಣೆಯದು 30ರಿಂದ 10ಕ್ಕೆ ಇಳಿಯಿತು. ಆಗಸ್ಟ್ 1ರಿಂದ ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲಕ್ಕಿಂತ ಹೆಚ್ಚು ಖಾತೆಯ ಶಿಲ್ಕನ್ನು ನೋಡಲಾಗದು. ಇತ್ಯರ್ಥವಾಗದ ವ್ಯವಹಾರವೊಂದರ ಸ್ಥಿತಿಯನ್ನು ಮೂರೇ ಸಲ, ಅದೂ ಪ್ರತಿ ಸಲಕ್ಕೂ 90 ಸೆಕೆಂಡು ಅಂತರವಿಟ್ಟು ಕೇಳಬಹುದು. ತಾವಾಗಿಯೇ ನಡೆಯುವ ಕಂತಿನ ಪಾವತಿಗಳನ್ನು ದಟ್ಟಣೆಯ ಹೊತ್ತಿನಿಂದ ಹೊರಗಿಡಲಾಯಿತು. ದಟ್ಟಣೆಯ ಹೊತ್ತೆಂದು ಅವರು ಗುರುತಿಸಿರುವುದು ಬೆಳಿಗ್ಗೆ 10ರಿಂದ ಮಧ್ಯಾಹ್ನ 1, ಸಂಜೆ 5ರಿಂದ ರಾತ್ರಿ 9.30. ಯಾವ ಹೊಟೇಲಿನವರನ್ನು ಕೇಳಿ ಬರೆದರೋ ಎನಿಸುವಷ್ಟು ಸರಿಯಾಗಿದೆ!

ಅಂತರವಿಟ್ಟು ಕೇಳುವ ಈ ಬುದ್ಧಿ ಹೊಸದಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಎಂಬವರು ಈಥರ್ನೆಟ್ ಎಂಬ ತಂತಿಜಾಲವನ್ನು ರಚಿಸಿದಾಗ ಒಂದೇ ತಂತಿಯಲ್ಲಿ ಹಲವು ಕಂಪ್ಯೂಟರುಗಳು ಏಕಕಾಲಕ್ಕೆ ಮಾತಾಡಿ ಮಾತುಗಳು ಡಿಕ್ಕಿ ಹೊಡೆಯುವ ತೊಂದರೆಯಿತ್ತು. ಡಿಕ್ಕಿಯಾದಾಗಲೆಲ್ಲ ಕಾಯುವ ಅವಧಿಯ ಮಿತಿಯನ್ನು ಇಮ್ಮಡಿಸುತ್ತ ಹೋಗಬೇಕು, ಆ ಮಿತಿಯೊಳಗೆ ಪ್ರತಿಯೊಂದೂ ಚೀಟಿ ಎತ್ತಿದಂತೆ ತನಗೆ ಬಂದಷ್ಟು ಹೊತ್ತು ಕಾಯಬೇಕು ಎಂಬುದು ಅವರ ಉಪಾಯ. ಇಂದಿನ ಒಳ್ಳೆಯ ಆ್ಯಪುಗಳೂ ಹೀಗೆಯೇ ಒಂದು, ಎರಡು, ನಾಲ್ಕು, ಎಂಟು ಸೆಕೆಂಡೆಂದು ಅಂತರವನ್ನು ಬೆಳೆಸುತ್ತವೆ. ಚೀಟಿಯ ಭಾಗವನ್ನು ಬಿಟ್ಟರೆ ಉಪಯೋಗವಿಲ್ಲ. ಎಲ್ಲ ಮೊಬೈಲುಗಳೂ ಸರಿಯಾಗಿ ಎಂಟನೆಯ ಸೆಕೆಂಡಿಗೆ ಒಟ್ಟಿಗೆ ಬಾಗಿಲು ಬಡಿದರೆ, ಆಗತಾನೆ ಎದ್ದು ಕುಳಿತ ಸರ್ವರು ಪುನಃ ಮಲಗುತ್ತದೆ. ಬಂದ್ ಮುಗಿದ ಮರುಗಳಿಗೆಯಲ್ಲಿ ಶಟರು ಎತ್ತಿದ ಹೊಟೇಲಿನ ಗತಿ ನಮ್ಮವರಿಗೆ ಗೊತ್ತಿಲ್ಲದ್ದೇ?

ಸರ್ವರಿಲ್ಲದೆ ಏನೇನು ನಡೆದೀತು

ಸರ್ವರು ಸಿಗದಿದ್ದಾಗ ಆ್ಯಪು ಕೈಕಟ್ಟಿ ಕುಳಿತರೆ ಅದು ಅರ್ಧ ಕೆಲಸ ಕಲಿತ ಆ್ಯಪು. ಬೆಂಗಳೂರಿನ ಕಡೆಗೆ ಹೋಗುವ ಸಂಘಮಿತ್ರಾ ಎಕ್ಸ್‌ಪ್ರೆಸ್ಸಿನಲ್ಲಿ ಬಲ್ಹಾರ್‌ಶಾಹ ದಾಟಿ ಕಾಡು ಸೇರಿದ ಮೇಲೆ ಟಿಕೇಟು ತೋರಿಸಿರೆಂದರೆ ಚಕ್ರವನ್ನಷ್ಟೇ ತೋರಿಸುವ ಆ್ಯಪಿನಿಂದ ಏನು ಪ್ರಯೋಜನ? ಕೊನೆಯ ಸಲ ಸರ್ವರಿನಿಂದ ಪಡೆದುದನ್ನು ಮೊಬೈಲಿನಲ್ಲಿಯೇ ಬರೆದಿಟ್ಟುಕೊಂಡು, ‘ಇದು ಇಷ್ಟು ಗಂಟೆಯ ಮಾಹಿತಿ’ ಎಂದು ಹೊತ್ತು ನಮೂದಿಸಿ ತೋರಿಸಬೇಕು. ಹೊತ್ತನ್ನು ನಮೂದಿಸದೆ ತೋರಿಸುವುದು ಮಾತ್ರ ನಿನ್ನೆಯ ಸಾಂಬಾರನ್ನು ಇಂದಿನದೆಂದು ಬಡಿಸಿದಂತೆ.

ಓದಿ ತೋರಿಸುವುದಕ್ಕಿಂತ ಬರೆದುಕೊಳ್ಳುವುದು ಕಷ್ಟ. ಈಗ ದೊಡ್ಡ ಹೊಟೇಲುಗಳಲ್ಲಿ ಆರ್ಡರನ್ನು ಮೊಬೈಲಿನಲ್ಲಿ ಒತ್ತುತ್ತಾರೆ. ಅದು ಅಡುಗೆಮನೆಯಲ್ಲಿ ಚೀಟಿಯಾಗಿ ಅಚ್ಚಾಗುತ್ತದೆ. ನಡುವಣ ಸರ್ವರು ಸಿಗದಿದ್ದರೆ ಆ್ಯಪು ಆರ್ಡರನ್ನು ತನ್ನಲ್ಲಿಯೇ ಸಾಲಿನಲ್ಲಿಟ್ಟುಕೊಂಡು ಸಂಪರ್ಕ ಬಂದಾಗ ಕಳಿಸುತ್ತದೆ. ಇಲ್ಲಿಯೂ ಮೂರನೆಯ ಉತ್ತರದ ಕಾಟ ತಪ್ಪಿದ್ದಲ್ಲ. ಕಳಿಸಿದ್ದು ಮುಟ್ಟಿ, ಮುಟ್ಟಿತೆಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋದರೆ ಆ್ಯಪು ಪುನಃ ಕಳಿಸುತ್ತದೆ. ಒಂದು ಮಸಾಲೆದೋಸೆ ಕೇಳಿದ ಮೇಜಿಗೆ ಎರಡು ಬರುತ್ತವೆ. ಇದಕ್ಕೆ ಪರಿಹಾರವು ಸರಳ. ಪ್ರತಿ ಆರ್ಡರಿಗೂ ಮೊಬೈಲಿನಲ್ಲಿಯೇ ಒಂದು ಸಂಖ್ಯೆಯನ್ನು ಕೊಡಬೇಕು. ಎಷ್ಟು ಸಲ ಕಳಿಸಿದರೂ ಸಂಖ್ಯೆ ಅದೇ. ಒಮ್ಮೆ ಬರೆದುಕೊಂಡ ಸಂಖ್ಯೆಯನ್ನು ಸರ್ವರು ಎರಡನೆಯ ಸಲ ಬರೆದುಕೊಳ್ಳಬಾರದು. ಎರಡು ಮೊಬೈಲುಗಳು ಒಂದೇ ಸಂಖ್ಯೆಯನ್ನು ಕೊಡದಂತೆ ಒಂದೊಂದಕ್ಕೂ ಬೇರೆ ಬೇರೆ ಮುನ್ನಕ್ಷರವಿರಬೇಕು. ಎರಡು ಕೌಂಟರಿಗೆ ಎರಡು ಬಣ್ಣದ ಬಿಲ್ ಪುಸ್ತಕ ಇಡುತ್ತಿದ್ದ ನಮ್ಮ ಹಿರಿಯರು ಕಂಪ್ಯೂಟರನ್ನು ಕಂಡವರಲ್ಲ.

ಹಣದ ಮಾತು ಬೇರೆ. ದೋಸೆಯ ಆರ್ಡರನ್ನು ಬರೆದಿಟ್ಟುಕೊಂಡು ಆಮೇಲೆ ಕಳಿಸಬಹುದು. ಆದರೆ ಗಿರಾಕಿಯ ಖಾತೆಯಲ್ಲಿ ಹಣವಿದೆಯೇ ಎಂಬುದು ಅವನ ಮೊಬೈಲಿಗೆ ಗೊತ್ತಿಲ್ಲ, ಬ್ಯಾಂಕಿಗೆ ಗೊತ್ತು. ಬ್ಯಾಂಕನ್ನು ಕೇಳದೆ ‘ಕೊಟ್ಟೆ’ ಎನ್ನಲು ಬಿಟ್ಟರೆ ಒಂದೇ ನೂರು ರೂಪಾಯಿಯನ್ನು ಹತ್ತು ಅಂಗಡಿಗಳಲ್ಲಿ ಕೊಡಬಹುದು. ಅದಕ್ಕಾಗಿಯೇ ರಿಜರ್ವ್ ಬ್ಯಾಂಕು 2022ರ ಜನವರಿಯಲ್ಲಿ ಸಂಪರ್ಕವಿಲ್ಲದ ಪಾವತಿಗಳಿಗೆ ಅನುಮತಿ ಕೊಟ್ಟಾಗ ಮೊತ್ತವನ್ನು ಸಲಕ್ಕೆ 200 ರೂಪಾಯಿಗೆ ಮಿತಿಗೊಳಿಸಿತು. ಯುಪಿಐ ಲೈಟ್ ಎಂಬುದು 2022ರ ಸೆಪ್ಟೆಂಬರಿನಲ್ಲಿ ಬಂತು. ಸ್ವಲ್ಪ ಹಣವನ್ನು ಮೊದಲೇ ಕಿಸೆಗೆ ತೆಗೆದಿಟ್ಟಂತೆ. 2024ರ ಡಿಸೆಂಬರಿನಲ್ಲಿ ಅದರ ಮಿತಿಯನ್ನು ಸಲಕ್ಕೆ 1,000, ಒಟ್ಟು 5,000 ರೂಪಾಯಿಗೆ ಏರಿಸಲಾಯಿತು. ಪ್ರತಿ ಚಹಾಕ್ಕೂ ಬ್ಯಾಂಕಿನ ಮುಖ್ಯ ಲೆಕ್ಕವನ್ನು ಎಬ್ಬಿಸಬೇಕಾಗದುದರಿಂದ ಬ್ಯಾಂಕಿನ ಸರ್ವರು ನಿಧಾನವಾದಾಗ ಇದು ನಡೆಯುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬಂದ ಲೈಟ್ ಎಕ್ಸ್ ಎಂಬುದರಲ್ಲಿ ಇಂಟರ್ನೆಟ್ಟೇ ಬೇಡ, ಎರಡು ಮೊಬೈಲುಗಳನ್ನು ಒಂದಕ್ಕೊಂದು ತಾಗಿಸಿದರೆ ಸಾಕು. ಆದರೆ ಎರಡರಲ್ಲಿಯೂ ಎನ್‌ಎಫ್‌ಸಿ ಎಂಬ ಸಾಧನವಿರಬೇಕು. ಇಂಟರ್ನೆಟ್ಟಿಲ್ಲದ ಸಾದಾ ಫೋನಿನವರು *99# ಒತ್ತಿ ಕನ್ನಡದಲ್ಲಿಯೇ ಹಣ ಕಳಿಸಬಹುದು.

ಇವುಗಳಲ್ಲಿ ಯಾವುದು ಯಾವ ರೋಗಕ್ಕೆ ಮದ್ದೆಂಬುದನ್ನು ತಿಳಿಯದೆ ಗಿರಾಕಿಗೆ ಸಲಹೆ ಕೊಡಬಾರದು. ನಮ್ಮ ಕಡೆಯ ಇಂಟರ್ನೆಟ್ಟು ಹೋಗಿದ್ದರೆ *99# ಉಪಯೋಗಕ್ಕೆ ಬರುತ್ತದೆ. ಎಪ್ರಿಲ್ 12ರಂತೆ ನಡುಮನೆಯೇ ಬಿದ್ದಿದ್ದರೆ ಅದೂ ಅದೇ ನಡುಮನೆಯ ಮೂಲಕ ಹೋಗಬೇಕಾದುದರಿಂದ ಉಪಯೋಗವಿಲ್ಲ. ಅಂಥ ದಿನ ಉಳಿಯುವುದು ನಗದು, ಇಲ್ಲವೇ ಪುಸ್ತಕ.

ಗಲ್ಲೆಯ ಪುಸ್ತಕ

ಪುಸ್ತಕವೆಂದರೆ ಏನು ಬರೆಯಬೇಕು? ದಿನ, ಗಂಟೆ, ಮೇಜು, ಬಿಲ್ಲಿನ ನಂಬರು, ಮೊತ್ತ. ಗಿರಾಕಿಯ ಮೊಬೈಲಿನಲ್ಲಿ ವ್ಯವಹಾರದ 12 ಅಂಕಿಯ ಸಂಖ್ಯೆ ಕಾಣುತ್ತಿದ್ದರೆ ಅದು. ಮೊಬೈಲಿನ ಪರದೆಯನ್ನೋ ಅದರ ಚಿತ್ರವನ್ನೋ ಹಣವೆಂದು ಭಾವಿಸಬಾರದು. ಹಣ ಕೊಟ್ಟಂತೆ ಸುಳ್ಳು ಪರದೆಯನ್ನು ತೋರಿಸುವ ಆ್ಯಪುಗಳೂ ಇವೆ. ಅಂತೆಯೇ ಪೆಟ್ಟಿಗೆಯ ಮೌನವನ್ನು ಹಣ ಬಾರದುದಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳಬಾರದು. ನಮ್ಮ 460 ರೂಪಾಯಿಯ ಪಾಠ ಅದು. ಕೊನೆಯ ಮಾತು ಬ್ಯಾಂಕಿನ ತಖ್ತೆಯದು.

ಖರ್ಚು ಬಿದ್ದು ಹೊಟೇಲಿಗೆ ಖಾತರಿ ಬಾರದ ಹಣದ ಬಗ್ಗೆ ರಿಜರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯು ಸ್ಪಷ್ಟವಾಗಿದೆ. ವ್ಯಾಪಾರಿಗೆ ಕೊಟ್ಟ ಹಣವಾದರೆ ವ್ಯವಹಾರದ ದಿನದಿಂದ ಐದು ದಿನಗಳೊಳಗೆ, ಒಬ್ಬರು ಇನ್ನೊಬ್ಬರಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅದು ತಾನಾಗಿಯೇ ಕೊಟ್ಟವನ ಖಾತೆಗೆ ಹಿಂದಿರುಗಬೇಕು; ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕು ಪರಿಹಾರ ತೆರಬೇಕು. ಊರಿಗೆ ಹಣ ಕಳಿಸುವ ನಮ್ಮ ಕಾರ್ಮಿಕ ಬಂಧುಗಳು ಈ ‘ಮರುದಿನ’ವನ್ನು ನೆನಪಿನಲ್ಲಿಡಬೇಕು. ಚಕ್ರ ತಿರುಗಿದ ಕೂಡಲೇ ಎರಡನೆಯ ಸಲ ಕಳಿಸಬಾರದು; ಸಂಖ್ಯೆಯನ್ನು ಬರೆದಿಟ್ಟುಕೊಂಡು ಮರುದಿನ ನೋಡಬೇಕು. ದೂರು ಕೊಟ್ಟು 30 ದಿನಗಳಾದರೂ ಬ್ಯಾಂಕು ಉತ್ತರ ಕೊಡದಿದ್ದರೆ ರಿಜರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರಬಹುದು, ಶುಲ್ಕವಿಲ್ಲ.

ಯಜಮಾನ ಬಂಧುಗಳಿಗೂ ಒಂದು ಮಾತಿದೆ. ಕೆಲಸದವನ ನಿರ್ಲಕ್ಷ್ಯದಿಂದ ನೇರವಾಗಿ ಆದ ನಷ್ಟವನ್ನು ಮಾತ್ರ, ಅವನ ಸಮಜಾಯಿಷಿಯನ್ನು ಕೇಳಿದ ಬಳಿಕ ಮಾತ್ರ, ಸಂಬಳದಿಂದ ಮುರಿದುಕೊಳ್ಳಬಹುದೆಂದು 1936ರ ವೇತನ ಪಾವತಿ ಕಾಯಿದೆಯಲ್ಲಿಯೇ ಇತ್ತು. ಅದರ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯಲ್ಲಿಯೂ ಇದೆ. ಮುಂಬಯಿಯ ಯಂತ್ರವೊಂದು ಮಲಗಿದ್ದು ಸೀತಾಬರ್ಡಿಯ ಹುಡುಗನ ನಿರ್ಲಕ್ಷ್ಯವಾಗಲಾರದು. ಈ ನಿಯಮ ಇದ್ದುದನ್ನು ನಾವು ತಿಳಿದದ್ದು ಪತ್ರಿಕೆಗೆ ಬಂದ ಮೇಲೆ. ಗಲ್ಲೆಯ ಮೇಲೆ ಕುಳಿತಿದ್ದಾಗ ವಿಚಾರಿಸಲೂ ಇಲ್ಲ.

ಆ ಶನಿವಾರ ನಮ್ಮ ಸ್ನೇಹಿತರು ಗದ್ದಲದ ನಡುವೆ ಒಂದು ಉದ್ದನೆಯ ಪುಸ್ತಕವನ್ನು ತೆಗೆದು ಗಲ್ಲೆಯ ಮೇಲೆ ಬಿಡಿಸಿಟ್ಟರು. ನಗದು ಇದ್ದವರು ಕೊಟ್ಟರು. ಇಲ್ಲದವರ ಹೆಸರು, ಬಿಲ್ಲು ನಂಬರು ಬರೆದುಕೊಂಡರು. ಹಿಂದೆ ಕಚೇರಿಯ ಗುಮಾಸ್ತರ ತಿಂಗಳ ಊಟದ ಲೆಕ್ಕವನ್ನು ಇಡುತ್ತಿದ್ದಂಥದೇ ಪುಸ್ತಕ, ಅದರಲ್ಲಿ ಇನ್ನೂ ಖಾಲಿ ಹಾಳೆಗಳು ಉಳಿದಿದ್ದವು. ಸಂಜೆಯ ಹೊತ್ತಿಗೆ ಮೂವತ್ತೊಂದು ಹೆಸರುಗಳಾಗಿದ್ದವು. ಮುಂದಿನ ವಾರ ನಾವು ಹೋದಾಗ ಇಪ್ಪತ್ತೊಂಬತ್ತರ ಮುಂದೆ ಗೆರೆ ಎಳೆದಿತ್ತು. ಕೆಲವರದು ಅಂದೇ ಜಮೆಯಾಗಿದ್ದುದು ತಖ್ತೆಯಲ್ಲಿ ಸಿಕ್ಕಿತಂತೆ. ಹಲವರು ತಾವಾಗಿಯೇ ಬಂದು ಕೊಟ್ಟರಂತೆ. ಉಳಿದ ಇಬ್ಬರ 210 ರೂಪಾಯಿಯನ್ನು ಸ್ನೇಹಿತರು ತಿಂಗಳ ನಷ್ಟದ ಪಟ್ಟಿಯಲ್ಲಿ, ಬಿಸಿಲಿಗೆ ಒಡೆದ ಹಾಲಿನ ಲೆಕ್ಕದ ಕೆಳಗೆ ಬರೆದುಕೊಂಡಿದ್ದರು.